ಟೊಂಗಾರಿರೊ ಕ್ರಾಸಿಂಗ್: ಹೊರಡುವ ಮುಂಚೆ ನಮ್ಮವರು ಕೇಳುವ ಪ್ರಶ್ನೆಗಳು

ನಾನಿರುವುದು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ. ಡಿಸೆಂಬರ್ ಹತ್ತಿರ ಬಂತೆಂದರೆ ಬೆಂಗಳೂರು, ಶಿವಮೊಗ್ಗ, ಸಿಡ್ನಿ ಎಲ್ಲ ಕಡೆಯಿಂದ ಫೋನು ಶುರು: "ಟೊಂಗಾರಿರೊ ಮಾಡಬೇಕು ಅಂತಿದ್ದೀವಿ, ಸ್ವಲ್ಪ ಹೇಳ್ತೀರಾ?" ವರ್ಷಾ ವರ್ಷಾ ಅದೇ ಪ್ರಶ್ನೆ, ಅದೇ ಉತ್ತರ. ಒಂದು ಸಲ ಬರೆದಿಟ್ಟರೆ ಎಲ್ಲರಿಗೂ ಕಳಿಸಬಹುದಲ್ಲ ಅಂತ ಕೂತೆ. ಈ ದಾರಿಯನ್ನು ನಾಲ್ಕು ಸಲ ಪೂರ್ತಿ ನಡೆದಿದ್ದೇನೆ, ಎರಡು ಸಲ ಅರ್ಧಕ್ಕೇ ಹಿಂದಿರುಗಿದ್ದೇನೆ. ಉತ್ತರಗಳಲ್ಲಿ ಅಲ್ಲಲ್ಲಿ ಗದರಿಕೆ ಕಂಡರೆ ಅದಕ್ಕೆ ಆ ಎರಡು ಸಲವೇ ಕಾರಣ.

ಟೊಂಗಾರಿರೊ ಆಲ್ಪೈನ್ ಕ್ರಾಸಿಂಗ್ ಅಂದರೆ ಏನು?

ನ್ಯೂಜಿಲೆಂಡಿನ ಉತ್ತರ ದ್ವೀಪದ ನಟ್ಟನಡುವೆ ಮೂರು ಜ್ವಾಲಾಮುಖಿಗಳು ಅಕ್ಕಪಕ್ಕ ನಿಂತಿವೆ. ರುಆಪೆಹು 2,797 ಮೀಟರ್, ಙೌರುಹೊಯೆ 2,287, ಟೊಂಗಾರಿರೊ 1,967. ಪಶ್ಚಿಮದ ಮಾಂಗಟೆಪೊಪೊ ಕಣಿವೆಯಿಂದ ಹೊರಟು, ಟೊಂಗಾರಿರೊದ ಹೆಗಲ ಮೇಲೆ ಹಾದು, ಉತ್ತರದ ಕೆಟೆಟಾಹಿ ಕಡೆ ಇಳಿಯುವ ಸುಮಾರು 20 ಕಿ.ಮೀ. ಕಾಲುದಾರಿಯೇ ಈ ಕ್ರಾಸಿಂಗ್. ಹೊರಟ ಜಾಗಕ್ಕೆ ಮರಳುವ ಸುತ್ತು ಇದಲ್ಲ. ಬೆಟ್ಟದ ಈ ಮಗ್ಗುಲಲ್ಲಿ ಹತ್ತಿ ಆ ಮಗ್ಗುಲಲ್ಲಿ ಇಳಿಯಬೇಕು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಕಾರು ಎಲ್ಲಿ ನಿಲ್ಲಿಸುವುದು ಎನ್ನುವ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಮೊದಲು ಇದನ್ನು ಬರೀ 'ಟೊಂಗಾರಿರೊ ಕ್ರಾಸಿಂಗ್' ಎನ್ನುತ್ತಿದ್ದರು. 2007ರಲ್ಲಿ ನಡುವೆ 'ಆಲ್ಪೈನ್' ಅಂತ ಸೇರಿಸಿದರು. ಪಾರ್ಕಿನಲ್ಲಿ ವಾಕಿಂಗ್ ಹೊರಟವರ ಹಾಗೆ ಚಪ್ಪಲಿ ಹಾಕಿಕೊಂಡು ಬರುವವರಿಗೆ ಹೆಸರಿನಲ್ಲಾದರೂ ಎಚ್ಚರಿಕೆ ಇರಲಿ ಎಂದು. ಚಪ್ಪಲಿಯವರು ಈಗಲೂ ಬರುತ್ತಾರೆ.

ಆ ಹೆಸರುಗಳನ್ನು ಹೇಳೋದು ಹೇಗೆ?

ಇಲ್ಲಿ ಕನ್ನಡಿಗರಿಗೆ ಇಂಗ್ಲಿಷಿನವರಿಗಿಂತ ಅನುಕೂಲ ಹೆಚ್ಚು. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಆದಮೇಲೆ ಬಾಯಿಪಾಠ ಮಾಡಿ, ಆಮೇಲೆ ಜನ್ಮದಲ್ಲಿ ಬಳಸದೇ ಬಿಟ್ಟ ಙ ಇದೆಯಲ್ಲ, ಇಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳ ಭಾಷೆಯಲ್ಲಿ ಅದಕ್ಕೆ ದಿನವಿಡೀ ಕೆಲಸ. ಙೌರುಹೊಯೆ ಎನ್ನುವಾಗ ಮೊದಲ ಅಕ್ಷರ ಅದೇ. ಟೊಂಗಾರಿರೊ ಕೂಡ ನಿಜವಾಗಿ ಟೊಙರಿರೊ, ಗಕಾರ ಒತ್ತಬಾರದು. ಪಕ್ಕದ ಊರನ್ನು ಬೋರ್ಡು ನೋಡಿ 'ವಕಪಪ' ಎಂದು ಓದುತ್ತೇವೆ. ಇಲ್ಲಿಯವರ ಬಾಯಲ್ಲಿ ಅದು 'ಫಕಪಪ'.

ಕುಮಾರಪರ್ವತ ಹತ್ತಿದ್ದೀನಿ. ಇದು ಅದಕ್ಕಿಂತ ಕಷ್ಟವಾ?

ಕಾಲಿಗೆ ಅದಕ್ಕಿಂತ ಸುಲಭ. ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತಿದವರು ಸುಮಾರು ಒಂದೂವರೆ ಸಾವಿರ ಮೀಟರ್ ಏರಿರುತ್ತಾರೆ. ಇಲ್ಲಿ ಹೊರಡುವ ಜಾಗವೇ 1,120 ಮೀಟರ್ ಎತ್ತರದಲ್ಲಿದೆ, ದಾರಿಯ ನೆತ್ತಿ ರೆಡ್ ಕ್ರೇಟರ್ 1,886 ಮೀಟರ್. ಅಂದರೆ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕೆಳಗೆ. ಏರು ಒಟ್ಟು ಎಂಟುನೂರು ಮೀಟರ್ ಆಸುಪಾಸು. ಬಿಸಿಲಿನ ಧಗೆ ಇಲ್ಲ, ಜಿಗಣೆ ಇಲ್ಲ, ಹಾವಂತೂ ಈ ದೇಶದಲ್ಲೇ ಇಲ್ಲ.

ಹಾಗಾದರೆ ಸುಲಭ ಅಂತ ಯಾಕೆ ಹೇಳುವುದಿಲ್ಲ? ಎರಡು ಕಾರಣ. ಒಂದು, ಇಳಿಜಾರು: 1,886ರಿಂದ 760 ಮೀಟರಿಗೆ, ಸಾವಿರದ ನೂರು ಮೀಟರಿಗೂ ಮಿಕ್ಕಿ ಇಳಿಯಬೇಕು. ನಾನು ಕರೆದುಕೊಂಡು ಹೋದವರಲ್ಲಿ ಹತ್ತುವಾಗ ಸೋತವರು ಕಡಿಮೆ. ಕೊನೆಯ ಎರಡು ಗಂಟೆಯಲ್ಲಿ ಮಂಡಿ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡು ನಡೆದವರೇ ಹೆಚ್ಚು. ಇನ್ನೊಂದು, ಗಾಳಿ. ಕುಮಾರಪರ್ವತದ ಮಳೆ ನಿಮ್ಮನ್ನು ಒದ್ದೆ ಮಾಡುತ್ತದೆ, ಅಷ್ಟೆ. ಇಲ್ಲಿಯ ಮಳೆ ಜೊತೆಗೆ ಗಾಳಿ ಸೇರಿದರೆ ನಡು ಬೇಸಿಗೆಯಲ್ಲೂ ಮೈಯ ಬಿಸಿ ಆರಿ, ಮಾತು ತೊದಲುವ ಸ್ಥಿತಿಗೆ ತರುತ್ತದೆ. ಈ ದಾರಿಯಲ್ಲಿ ಜೀವ ಹೋದ ಪ್ರಕರಣಗಳೂ ಇವೆ.

ಮೋಸ ಹೋಗುವುದು ಎಲ್ಲೆಂದರೆ, ಒಳ್ಳೆಯ ದಿನ ಇಲ್ಲಿ ಜಾತ್ರೆಯ ಹಾಗೆ ಜನ. ಮುಂದೆ ಹತ್ತು ಜನ, ಹಿಂದೆ ಇಪ್ಪತ್ತು ಜನ, ಟೀ ಶರ್ಟಿನಲ್ಲಿರುವ ಹುಡುಗರು, ಹಾಡು ಕೇಳಿಕೊಂಡು ಹೋಗುವವರು. "ಇಷ್ಟು ಜನ ಹೋಗ್ತಿದ್ದಾರೆ, ನಮಗೇನಾಗುತ್ತೆ" ಅನ್ನಿಸಿಬಿಡುತ್ತದೆ. ಜನ ಇದ್ದಾರೆ ಎಂದು ಬೆಟ್ಟ ತಗ್ಗುವುದಿಲ್ಲವಲ್ಲ.

ಎಷ್ಟು ಹೊತ್ತು ಬೇಕು? ದಾರಿ ಹೇಗಿರುತ್ತೆ?

ಆರರಿಂದ ಎಂಟು ಗಂಟೆ. ಫೋಟೊ ಹುಚ್ಚಿನವರಿದ್ದರೆ ಒಂಬತ್ತು.

ಮೊದಲ ಒಂದು, ಒಂದೂಕಾಲು ಗಂಟೆ ಮಾಂಗಟೆಪೊಪೊ ಹೊಳೆಯ ಜೊತೆಜೊತೆಗೆ ಬಹುತೇಕ ಸಮತಟ್ಟು. ಜವುಗಿನ ಮೇಲೆ ಹಲಗೆದಾರಿ ಹಾಕಿದ್ದಾರೆ. ಎರಡೂ ಕಡೆ ಹಳೆಯ ಲಾವಾ ಹೆಪ್ಪುಗಟ್ಟಿ ಗಡ್ಡೆಗಡ್ಡೆಯಾಗಿ ಬಿದ್ದಿದೆ, ಅದರ ಮೇಲೆ ಬಿಳಿ ಪಾಚಿ. ಬೇಸಿಗೆಯ ಕೊನೆಗೆ ಬಯಲಿನಲ್ಲಿ ನೇರಳೆ ಹೂವಿನ ಪೊದೆ ಕಾಣುತ್ತದೆ. ಚೆನ್ನಾಗಿದೆ ಎಂದು ಮರುಳಾಗಬೇಡಿ, ಅದು ಸ್ಕಾಟ್ಲೆಂಡಿನ ಹೆದರ್ ಗಿಡ. ಬೇಟೆಗೆ ಅಲ್ಲಿಯ ಗ್ರೌಸ್ ಹಕ್ಕಿ ಸಾಕಬೇಕೆಂದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ತಂದು ನೆಟ್ಟರು. ಹಕ್ಕಿ ಉಳಿಯಲಿಲ್ಲ, ಗಿಡ ಹಬ್ಬಿತು. ನಮ್ಮಲ್ಲಿ ಲಂಟಾನ ಮಾಡಿದ ಕೆಲಸವನ್ನೇ ಇಲ್ಲಿ ಇದು ಮಾಡಿದೆ.

ಸೋಡಾ ಸ್ಪ್ರಿಂಗ್ಸ್ ದಾಟಿದ ಮೇಲೆ ನಿಜವಾದ ಏರು. 'ಡೆವಿಲ್ಸ್ ಸ್ಟೇರ್‌ಕೇಸ್', ದೆವ್ವದ ಮೆಟ್ಟಿಲು. ಇನ್ನೂರು ಮೀಟರ್ ಏರು, ಬಹಳ ಕಡೆ ಮೆಟ್ಟಿಲು ಕಟ್ಟಿದ್ದಾರೆ. ಹೆಸರಿನಷ್ಟು ಭಯಂಕರ ಅಲ್ಲ. ತಿರುಪತಿಗೆ ನಡೆದು ಹತ್ತಿದವರು ನಗುತ್ತಾರೆ. ಮೇಲೆ ಹೋದರೆ ಎದುರಿಗೆ ಸೌತ್ ಕ್ರೇಟರ್. ಹೆಸರು ಕ್ರೇಟರ್ ಆದರೂ ಇದು ಸಿಡಿದ ಕುಳಿಯಲ್ಲ, ಸುತ್ತಲ ಬೆಟ್ಟಸಾಲುಗಳ ನಡುವೆ ಉಳಿದ ತಗ್ಗು. ಒಂದು ಹುಲ್ಲುಕಡ್ಡಿಯೂ ಇಲ್ಲದ ಹಳದಿ ಮಣ್ಣಿನ ಮೈದಾನ. ಮಂಜು ಕವಿದ ದಿನ ಇಲ್ಲಿ ನಡೆದರೆ ಕೆರೆಯ ತಳದಲ್ಲಿ ನಡೆದ ಹಾಗಿರುತ್ತದೆ; ದಾರಿಗಂಬ ಬಿಟ್ಟು ಅತ್ತಿತ್ತ ಹೋಗಬೇಡಿ.

ಅಲ್ಲಿಂದ ರೆಡ್ ಕ್ರೇಟರ್‌ಗೆ ಏಣಿನ ಮೇಲಿನ ದಾರಿ. ಇಡೀ ದಿನದಲ್ಲಿ ಗಾಳಿ ಜೋರಾಗಿ ಹೊಡೆಯುವುದು ಇಲ್ಲೇ. ಮೇಲೆ ಹೋಗಿ ಕೆಳಗಿಣುಕಿದರೆ ಬೆಟ್ಟದ ಹೊಟ್ಟೆ ಸೀಳಿದ ಹಾಗೆ ಕೆಂಪು, ಕಪ್ಪು, ಕೆಮ್ಮಣ್ಣಿನ ಪದರಗಳು. ಕಲ್ಲಿನಲ್ಲಿರುವ ಕಬ್ಬಿಣ ತುಕ್ಕು ಹಿಡಿದ ಬಣ್ಣ ಅದು. ಒಂದು ಗೋಡೆಯಲ್ಲಿ ಲಾವಾ ಮೇಲೇರಿ ಬಂದು, ಮತ್ತೆ ಕೆಳಗೆ ಬಸಿದುಹೋಗಿ ಖಾಲಿಯಾದ ಕೊಳವೆ ಬಾಯಿ ತೆರೆದುಕೊಂಡು ನಿಂತಿದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅಲ್ಲಲ್ಲಿ ನೆಲದಿಂದ ಹಬೆ ಏಳುತ್ತದೆ. ನೆಲಕ್ಕೆ ಅಂಗೈ ಇಟ್ಟರೆ ಕೆಲವು ಕಡೆ ಆಗ ತಾನೆ ಇಳಿಸಿದ ಹಂಚಿನಷ್ಟು ಬಿಸಿ.

ಅದರಾಚೆಯ ಇಳಿಜಾರಿನಲ್ಲೇ ಹೆಚ್ಚು ಜನ ಬೀಳುವುದು. ಎಮರಾಲ್ಡ್ ಲೇಕ್ಸ್ ಕಡೆಗೆ ಕಪ್ಪು ಜಲ್ಲಿ, ಬೂದಿ. ಕಾಲಿಟ್ಟರೆ ಪಾದದ ಜೊತೆಗೆ ನೆಲವೂ ಜಾರುತ್ತದೆ. ಬೆರಳು ಊರಿ ಹೆದರಿ ಹೆದರಿ ಇಳಿದರೆ ಬೀಳುವುದು ಖಂಡಿತ. ಮಂಡಿ ಸಡಿಲ ಬಿಟ್ಟು, ಹಿಮ್ಮಡಿ ಒತ್ತಿ, ಜಲ್ಲಿಯೊಳಗೆ ಕಾಲು ಹೂಳುವ ಹಾಗೆ ಚಿಕ್ಕ ಚಿಕ್ಕ ಹೆಜ್ಜೆ ಹಾಕಿ. ಅಕ್ಕಿ ರಾಶಿಯ ಮೇಲೆ ಹತ್ತಿ ಇಳಿದ ಅನುಭವ ಇದ್ದವರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಅತ್ತಿಗೆ ಅಲ್ಲಿ ಕೂತುಕೊಂಡೇ ಇಳಿದರು. ಪ್ಯಾಂಟು ಹೋಯಿತು, ಮೂಳೆ ಉಳಿಯಿತು.

ಆಮೇಲೆ ಕೆರೆಗಳು, ಸೆಂಟ್ರಲ್ ಕ್ರೇಟರಿನ ಬಯಲು, ಬ್ಲೂ ಲೇಕ್. ಅಲ್ಲಿಂದ ಉದ್ದನೆಯ ಇಳಿತ. ಹಳದಿ ಹುಲ್ಲಿನ ಗುಡ್ಡದ ಮೇಲೆ ಅಂಕುಡೊಂಕು ದಾರಿ, ಎದುರಿಗೆ ರೊಟೊಐರಾ ಕೆರೆ, ಅದರ ಹಿಂದೆ ತೌಪೊ. ಕೊನೆಯ ಒಂದು ಗಂಟೆ ಕಾಡು. ಎಲ್ಲರೂ "ಇನ್ನೆಷ್ಟು ದೂರ" ಎನ್ನುವುದು ಈ ಕಾಡಿನಲ್ಲೇ.

ಯಾವ ತಿಂಗಳು ಒಳ್ಳೇದು?

ಡಿಸೆಂಬರಿನಿಂದ ಮಾರ್ಚ್. ನನ್ನನ್ನು ಕೇಳಿದರೆ ಫೆಬ್ರವರಿ ಕೊನೆ, ಮಾರ್ಚ್. ಶಾಲೆ ರಜೆ ಮುಗಿದು ಜನ ಕಡಿಮೆ ಆಗಿರುತ್ತಾರೆ. ಅಕ್ಟೋಬರ್, ನವೆಂಬರಿನಲ್ಲಿ ಮೇಲೆ ಹಿಮ ಉಳಿದಿರಬಹುದು. ನೆನಪಿರಲಿ, ಇಲ್ಲಿ ಋತು ಉಲ್ಟಾ: ನಮ್ಮೂರಲ್ಲಿ ಮುಂಗಾರು ಹಿಡಿದಾಗ ಇಲ್ಲಿ ಚಳಿಗಾಲ. ಜೂನ್ ತಿಂಗಳ ರಜೆಗೆ ಬರುವವರು ಕ್ರಾಸಿಂಗ್ ಆಸೆ ಬಿಡಿ, ಅಥವಾ ಗೈಡ್ ಜೊತೆ ಹೋಗಿ. ಆಗ ಬೂಟಿಗೆ ಕಟ್ಟುವ ಕ್ರಾಂಪಾನ್, ಕೈಯಲ್ಲಿ ಐಸ್ ಆಕ್ಸ್, ಹಿಮಕುಸಿತದ ತಿಳಿವಳಿಕೆ ಎಲ್ಲ ಬೇಕು.

ನಮ್ಮ ಟಿಕೆಟ್ಟು, ಹೋಟೆಲ್ಲು ಎಲ್ಲ ಬುಕ್ ಆಗಿದೆ. ಆ ದಿನವೇ ಹವಾಮಾನ ಕೆಟ್ಟರೆ?

ಹೋಗಬೇಡಿ. ಅಷ್ಟೇ ಉತ್ತರ. ಆದರೆ ಫೋನಿನಲ್ಲಿ ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ, ಆದ್ದರಿಂದ ನಮ್ಮ ಮೊದಲ ಸಲದ ಕತೆ ಕೇಳಿ.

ಊರಿಂದ ತಮ್ಮ ಬಂದಿದ್ದ, ಅವನಿಗೆ ಉಳಿದದ್ದು ಮೂರೇ ದಿನ. ಹವಾಮಾನ ವರದಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಎಂದಿತ್ತು. "ಅಷ್ಟರಲ್ಲಿ ದಾಟಿಬಿಡ್ತೀವಿ" ಅಂತ ಲೆಕ್ಕ ಹಾಕಿ ಹೊರಟೆವು. ಸೌತ್ ಕ್ರೇಟರ್ ತನಕ ಬಿಸಿಲು. ಏಣು ಹತ್ತುವಾಗ ಗಾಳಿ ವರದಿಗಿಂತ ಎರಡು ಗಂಟೆ ಮುಂಚೆಯೇ ಬಂತು. ನನ್ನ ಬ್ಯಾಗಿನ ಮಳೆಹೊದಿಕೆ ಬಿಚ್ಚಿಕೊಂಡು, ಸೂತ್ರ ಹರಿದ ಗಾಳಿಪಟದ ಹಾಗೆ ಕಣ್ಣೆದುರೇ ಕಣಿವೆಗೆ ಹೋಯಿತು. ಮುಂದೆ ಹೋಗಿದ್ದವರು ಬಗ್ಗಿಕೊಂಡು, ಕೆಲವರು ಕೈ ಊರಿಕೊಂಡು ವಾಪಸ್ ಬರುತ್ತಿದ್ದರು. ತಮ್ಮನಿಗೆ ನೆತ್ತಿ ಕಾಣುತ್ತಿತ್ತು, "ಇಲ್ಲೇ ಇದೆಯಲ್ಲೋ" ಎಂದ. ಅವನ ತುಟಿ ನೀಲಿಯಾಗಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. ತಿರುಗಿದೆವು. ಮೂರು ತಿಂಗಳು ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ ಅವನು.

ಕೆಲಸಕ್ಕೆ ಬರುವ ಮಾತು ಇಷ್ಟು: ಆ ಸುತ್ತಿನಲ್ಲಿ ಎರಡು ಮೂರು ದಿನ ಕೈಯಲ್ಲಿಟ್ಟುಕೊಂಡು ಬನ್ನಿ, ಅದರಲ್ಲಿ ಒಳ್ಳೆಯ ದಿನ ಆರಿಸಿಕೊಳ್ಳಿ. ಮೆಟ್‌ಸರ್ವಿಸ್ ಜಾಲತಾಣದಲ್ಲಿ ಊರಿನ ಹವಾಮಾನ ನೋಡಬೇಡಿ, ಟೊಂಗಾರಿರೊ ಪರ್ವತ ಪ್ರದೇಶದ ವರದಿಯೇ ಬೇರೆ ಇದೆ. ಅದರಲ್ಲಿ ಗಾಳಿಯ ವೇಗ ನೋಡಿ. ನೂರು ಮೀಟರ್ ಏರಿದಂತೆ ಸುಮಾರು ಅರ್ಧ ಡಿಗ್ರಿಗಿಂತ ಹೆಚ್ಚು ತಂಪಾಗುತ್ತದೆ, ಗಾಳಿಯ ಕೊರೆತ ಬೇರೆ. ಬೆಳಗ್ಗೆ ಶಟಲ್ ಬಸ್ಸಿನವರು "ಇವತ್ತು ಬಿಡಲ್ಲ" ಎಂದರೆ ಅವರ ಜೊತೆ ಜಗಳವಾಡಬೇಡಿ. ಬಸ್ಸು ಬಿಟ್ಟರೆ ದುಡ್ಡು ಬರುವುದು ಅವರಿಗೇ. ಆದರೂ ಬಿಡುವುದಿಲ್ಲ ಅಂದಮೇಲೆ ಯೋಚಿಸಿ.

ಕಾರು ಎಲ್ಲಿ ನಿಲ್ಲಿಸೋದು?

ಹೊರಡುವ ಜಾಗದಲ್ಲಿ ಅಂತೂ ಅಲ್ಲ. ಮಾಂಗಟೆಪೊಪೊ ಪಾರ್ಕಿಂಗಿನಲ್ಲಿ ಬೇಸಿಗೆ ಕಾಲದಲ್ಲಿ 4 ಗಂಟೆಯ ಮಿತಿ ಇದೆ, ನಾಲ್ಕು ಗಂಟೆಯಲ್ಲಿ ಯಾರೂ ದಾಟಿ ಬರುವುದಿಲ್ಲ. ಹೆಚ್ಚಿನವರು ಮಾಡುವುದು ಹೀಗೆ: ಮುಗಿಯುವ ತುದಿ ಕೆಟೆಟಾಹಿ ಹತ್ತಿರ ಕಾರು ಬಿಟ್ಟು, ಅಲ್ಲಿಂದ ಶಟಲ್ ಹತ್ತಿ ಮಾಂಗಟೆಪೊಪೊಗೆ ಬಂದು, ನಡೆದು ಕಾರಿಗೇ ಸೇರುವುದು. ಆಗ ಸಂಜೆ ಬಸ್ಸು ತಪ್ಪುತ್ತದೆ ಎಂಬ ಧಾವಂತ ಇಲ್ಲ. ಇಲ್ಲವಾದರೆ ತೌಪೊ, ತುರಂಗಿ, ನ್ಯಾಷನಲ್ ಪಾರ್ಕ್ ವಿಲೇಜ್, ಫಕಪಪ, ಒಹಾಕುನೆ ಎಲ್ಲ ಕಡೆಯಿಂದಲೂ ಹೋಗಿ ಬರುವ ಶಟಲ್‌ಗಳಿವೆ. ಬುಕ್ ಮಾಡುವಾಗ ಒಂದು ಪ್ರಶ್ನೆ ಮರೆಯದೆ ಕೇಳಿ: "ಅರ್ಧದಿಂದ ವಾಪಸ್ ಬಂದರೆ ಮಾಂಗಟೆಪೊಪೊದಿಂದ ಹತ್ತಿಸಿಕೊಳ್ತೀರಾ, ಎಷ್ಟು ಗಂಟೆಗೆ?" ನಾವು ಕೇಳಿರಲಿಲ್ಲ. ಆ ಗಾಳಿಯಲ್ಲಿ ಪಾರ್ಕಿಂಗಿನ ಶೌಚಾಲಯದ ಗೋಡೆಗೆ ಆತು ಎರಡು ಗಂಟೆ ನಿಂತಿದ್ದೆವು.

ಆಕ್ಲೆಂಡಿನಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದಾ?

ಬೇಡ. ಹೋಗಲು ನಾಲ್ಕು ಗಂಟೆಗೂ ಹೆಚ್ಚು, ಬರಲು ಅಷ್ಟೇ, ನಡುವೆ ಎಂಟು ಗಂಟೆ ನಡಿಗೆ. ನಡೆದು ಸುಸ್ತಾದವರು ಕತ್ತಲಲ್ಲಿ ಆ ರಸ್ತೆಯಲ್ಲಿ ಕಾರು ಓಡಿಸುವುದು ಬೆಟ್ಟಕ್ಕಿಂತ ಅಪಾಯ. ಹಿಂದಿನ ರಾತ್ರಿ ಬಂದು ತುರಂಗಿಯಲ್ಲೋ ನ್ಯಾಷನಲ್ ಪಾರ್ಕ್ ವಿಲೇಜಿನಲ್ಲೋ ಉಳಿಯಿರಿ. ಕಾರಿಲ್ಲದವರಿಗೆ ಆಕ್ಲೆಂಡ್–ವೆಲಿಂಗ್ಟನ್ ನಡುವಿನ ನಾರ್ದರ್ನ್ ಎಕ್ಸ್‌ಪ್ಲೋರರ್ ರೈಲು ನ್ಯಾಷನಲ್ ಪಾರ್ಕ್ ವಿಲೇಜಿನಲ್ಲೇ ನಿಲ್ಲುತ್ತದೆ. ದಿನಾ ಓಡುವ ರೈಲಲ್ಲ, ದಿನ ನೋಡಿಕೊಳ್ಳಿ.

ಪ್ರವೇಶ ಶುಲ್ಕ ಎಷ್ಟು? ಪರ್ಮಿಟ್ ಬೇಕಾ?

ನಡೆಯಲು ದುಡ್ಡಿಲ್ಲ. ಸಂರಕ್ಷಣಾ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ದಿನ ಬುಕ್ ಮಾಡಬಹುದು, ಕಡ್ಡಾಯವಲ್ಲ. ಆದರೆ ಮಾಡಿದರೆ ದಾರಿ, ಹವಾಮಾನದ ಸೂಚನೆಗಳು ನಿಮಗೆ ಬರುತ್ತವೆ. ಖರ್ಚಾಗುವುದು ಶಟಲ್ಲಿಗೆ ಮತ್ತು ವಸತಿಗೆ.

ಏನು ಹಾಕಿಕೊಳ್ಳಬೇಕು?

ಏನು ಹಾಕಿಕೊಳ್ಳಬಾರದು ಎಂದು ಮೊದಲು ಹೇಳುತ್ತೇನೆ: ಜೀನ್ಸ್. ಒದ್ದೆಯಾದ ಜೀನ್ಸ್ ಎಂದರೆ ಕಾಲಿಗೆ ಐಸು ಸುತ್ತಿಕೊಂಡ ಹಾಗೆ. ಕಾಟನ್ ಬನಿಯನ್ ಕೂಡ ಬೇಡ. ಮೈಗಂಟಿದಂತೆ ಮೆರಿನೊ ಉಣ್ಣೆಯದೋ ಪಾಲಿಯೆಸ್ಟರಿನದೋ ತೆಳ್ಳನೆ ಬಟ್ಟೆ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ಮಳೆ ಎರಡೂ ತಡೆಯುವ ಜಾಕೆಟ್ಟು. ಟೋಪಿ, ಕೈಗವಸು ಜನವರಿಯಲ್ಲೂ ಬ್ಯಾಗಿನಲ್ಲಿರಲಿ. ನಮ್ಮಮ್ಮ ಊರಿಂದ ತಂದ ಮಂಕಿ ಕ್ಯಾಪ್ ನೋಡಿ ಇಲ್ಲಿಯ ಗೆಳೆಯರು ನಕ್ಕಿದ್ದರು. ರೆಡ್ ಕ್ರೇಟರಿನ ಮೇಲೆ ಅದನ್ನೇ ಸಾಲ ಕೇಳಿದರು.

ಹಿಡಿತ ಇರುವ ಶೂ, ಆಗಲೇ ಹಾಕಿ ಓಡಾಡಿ ಪಳಗಿಸಿದ್ದು. ಸನ್‌ಸ್ಕ್ರೀನ್ ತಪ್ಪಿಸಬೇಡಿ, ಗಾಳಿ ತಣ್ಣಗಿರುವುದರಿಂದ ಬಿಸಿಲು ಸುಡುವುದು ಗೊತ್ತಾಗುವುದಿಲ್ಲ, ಈ ದೇಶದ ಅತಿನೇರಳೆ ಕಿರಣ ಬಲು ತೀಕ್ಷ್ಣ. "ನಮ್ಮ ಮೈಬಣ್ಣಕ್ಕೆ ಬೇಡ" ಎಂದವರ ಮೂಗು ಮಾರನೇ ದಿನ ಸಿಪ್ಪೆ ಸುಲಿದದ್ದನ್ನು ನೋಡಿದ್ದೇನೆ. ಇಳಿಯಲು ಎರಡು ಊರುಗೋಲು ಇದ್ದರೆ ಮಂಡಿಗೆ ಪುಣ್ಯ.

ಊರಿಂದ ಹಳೇ ಟ್ರೆಕ್ಕಿಂಗ್ ಶೂ ತರಬಹುದಾ?

ತರಬಹುದು, ಆದರೆ ಹಲ್ಲುಜ್ಜುವ ಬ್ರಷ್ಷಿನಿಂದ ಅಟ್ಟೆಯ ಸಂದುಸಂದಿನ ಮಣ್ಣೆಲ್ಲ ತೆಗೆದು, ಒಣಗಿಸಿ ತನ್ನಿ. ವಿಮಾನದ ಫಾರ್ಮಿನಲ್ಲಿ ಡಿಕ್ಲೇರ್ ಮಾಡಿ. ಮಣ್ಣು, ಬೀಜ, ರೋಗಾಣು ಒಳಗೆ ಬಾರದಂತೆ ಕಾಯುವ ವಿಷಯದಲ್ಲಿ ಈ ದೇಶ ಸಡಿಲ ಬಿಡುವುದಿಲ್ಲ. ತಿಂಡಿಯದೂ ಅದೇ ಕತೆ: ಹೇಳಿದರೆ ನೋಡಿ ಬಿಡುತ್ತಾರೆ ಅಥವಾ ತೆಗೆದುಕೊಳ್ಳುತ್ತಾರೆ, ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ಜೇನುತುಪ್ಪ, ಹಣ್ಣು, ಬೀಜ ತರಲೇಬೇಡಿ.

ಊಟ, ನೀರು?

ದಾರಿಯಲ್ಲಿ ಅಂಗಡಿ ಇಲ್ಲ, ಕುಡಿಯುವ ನೀರು ಇಲ್ಲ. ಹೊಳೆ ಕಾಣುತ್ತದೆ, ಅದರಲ್ಲಿ ಬೆಟ್ಟದ ಖನಿಜಗಳೆಲ್ಲ ಕರಗಿವೆ, ಕುಡಿಯಬೇಡಿ. ತಲೆಗೆ ಎರಡರಿಂದ ಮೂರು ಲೀಟರ್ ಹೊತ್ತುಕೊಳ್ಳಿ.

ಊಟದ ಬಗ್ಗೆ ಅನುಭವದ ಮಾತು: ಪುಳಿಯೋಗರೆ ಬೇಡ. ಮನೆಯಲ್ಲಿ ಎಷ್ಟು ಉದುರುದುರಾಗಿ ಕಲಸಿದ್ದರೂ ಆ ಚಳಿಗೆ ಅನ್ನ ಮರಳುಕಲ್ಲಾಗುತ್ತದೆ, ಎಣ್ಣೆ ಬಿಳಿಚಿಕೊಳ್ಳುತ್ತದೆ, ಗವಸು ತೆಗೆದು ಕೈಯಲ್ಲಿ ತಿನ್ನುವಷ್ಟರಲ್ಲಿ ಬೆರಳು ಮರಗಟ್ಟುತ್ತದೆ. ಚಪಾತಿಗೆ ಚಟ್ನಿಪುಡಿ, ತುಪ್ಪ ಸವರಿ ಬಿಗಿಯಾಗಿ ಸುತ್ತಿಟ್ಟರೆ ನಿಂತುಕೊಂಡೇ ತಿನ್ನಬಹುದು. ಶೇಂಗಾ ಚಿಕ್ಕಿ, ಕೋಡುಬಳೆ ಜೇಬಿನಲ್ಲಿರಲಿ. ಫ್ಲಾಸ್ಕಿನಲ್ಲಿ ಕಾಫಿ ತಂದವರಿಗೆ ಸೌತ್ ಕ್ರೇಟರಿನಲ್ಲಿ ಬಹಳ ಗೆಳೆಯರು ಹುಟ್ಟುತ್ತಾರೆ. ಕಸ, ಕಿತ್ತಳೆ ಸಿಪ್ಪೆ ಸಮೇತ, ನಿಮ್ಮ ಬ್ಯಾಗಿನಲ್ಲೇ ಇಳಿಯಬೇಕು. ಎಲ್ಲೂ ಕಸದ ಬುಟ್ಟಿ ಇಲ್ಲ.

ಶೌಚಾಲಯ ಇದೆಯಾ?

ಎರಡೂ ತುದಿಯಲ್ಲಿ ಇವೆ, ಸೋಡಾ ಸ್ಪ್ರಿಂಗ್ಸ್ ಹತ್ತಿರವೂ ಇದೆ. ಮೇಲಿನ ಭಾಗದಲ್ಲಿ ಗಂಟೆಗಟ್ಟಲೆ ಸಿಗದು. ಮರವೂ ಇಲ್ಲ, ಪೊದೆಯೂ ಇಲ್ಲ, ಮರೆ ಅನ್ನುವುದೇ ಇಲ್ಲ. ಸಿಕ್ಕಲ್ಲಿ ಹೋಗಿಬಿಡಿ. ಕಾಗದ, ಸ್ಯಾನಿಟೈಸರ್ ನಿಮ್ಮದೇ.

ನಡೆಯುವಾಗ ಜ್ವಾಲಾಮುಖಿ ಸಿಡಿದರೆ?

ನಗುತ್ತಾ ಕೇಳುತ್ತಾರೆ ಇದನ್ನು. ನಗುವ ಪ್ರಶ್ನೆಯಲ್ಲ. ಟೊಂಗಾರಿರೊದ ಉತ್ತರ ಮಗ್ಗುಲಿನ ತೆ ಮಾರಿ ಕುಳಿ ನೂರು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿತ್ತು. 2012ರ ಆಗಸ್ಟ್ 6ರ ನಡುರಾತ್ರಿಯ ಹೊತ್ತಿಗೆ ಸಿಡಿಯಿತು. ಹಾರಿದ ಬಂಡೆ ಕೆಟೆಟಾಹಿ ತಂಗುಮನೆಯ ಮಾಡು ತೂತು ಮಾಡಿಕೊಂಡು ಮಲಗುವ ಮಂಚದ ಮೇಲೆ ಬಿತ್ತು. ಚಳಿಗಾಲವಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಅದೇ ವರ್ಷ ನವೆಂಬರ್ 21ರ ಮಧ್ಯಾಹ್ನ ಇನ್ನೊಮ್ಮೆ. ಆಗ ದಾರಿಯಲ್ಲಿ ಶಾಲಾ ಮಕ್ಕಳೂ ಇದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಪೂರ್ತಿ ದಾರಿ ಮತ್ತೆ ತೆರೆದದ್ದು 2013ರ ಮೇ ತಿಂಗಳಲ್ಲಿ. ಙೌರುಹೊಯೆ ಕೊನೆಯ ಸಲ ಸಿಡಿದದ್ದು 1975ರಲ್ಲಿ. ದಕ್ಷಿಣದ ರುಆಪೆಹುವಿನ ಕುಳಿಯ ಕೆರೆ 1953ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಡೆದು, ಕೆಸರಿನ ಪ್ರವಾಹ ಟಾಂಗಿವಾಯಿಯ ರೈಲು ಸೇತುವೆ ಕೊಚ್ಚಿಕೊಂಡು ಹೋಗಿ 151 ಜನ ಸತ್ತರು.

ಇದೆಲ್ಲ ಯಾಕಾಗುತ್ತದೆ? ಪೆಸಿಫಿಕ್ ಭೂಫಲಕ ಇಲ್ಲಿ ಆಸ್ಟ್ರೇಲಿಯಾ ಫಲಕದ ಅಡಿಗೆ ನುಗ್ಗುತ್ತಿದೆ. ಅದರ ಜೊತೆ ಇಳಿದ ನೀರು ಆಳದ ಬಿಸಿಕಲ್ಲನ್ನು ಕರಗಿಸುತ್ತದೆ, ಕರಗಿದ್ದು ಮೇಲೆ ಬರುತ್ತದೆ. ಬೆಳಗಾವಿ, ವಿಜಯಪುರ, ಬೀದರ ಕಡೆಯ ಕಪ್ಪುಕಲ್ಲು ಕೂಡ ಲಾವಾನೇ. ಅದು ಹರಿದು ಆರೂವರೆ ಕೋಟಿ ವರ್ಷ ಆಯಿತು, ತಣ್ಣಗಾಗಿದೆ. ಇದು ಇನ್ನೂ ಒಲೆಯ ಮೇಲಿದೆ.

ಬೆಟ್ಟದ ಚಟುವಟಿಕೆಗೆ 0ಯಿಂದ 5ರ ತನಕ ಎಚ್ಚರಿಕೆಯ ಮಟ್ಟ ಇದೆ, ಜಿಯೊನೆಟ್ ತಾಣದಲ್ಲಿ ನೋಡಿಕೊಂಡು ಹೊರಡಿ. ದಾರಿಯ ತುದಿಗಳಲ್ಲಿ ದೀಪದ ಫಲಕಗಳಿವೆ; ಕೆಂಪು ಇದ್ದರೆ ಒಳಗೆ ಕಾಲಿಡಬೇಡಿ, ದಾರಿಯಲ್ಲಿದ್ದರೆ ಹಿಂದಿರುಗಿ. 'ಇಲ್ಲಿ ನಿಲ್ಲಬೇಡಿ' ಎಂಬ ಬೋರ್ಡಿನಡಿ ಕೂತು ಚಿಪ್ಸ್ ಪ್ಯಾಕೆಟ್ ಬಿಚ್ಚಬೇಡಿ, ಅದು ಕೆಸರು ಪ್ರವಾಹ ಹರಿಯುವ ಜಾಡು. ಉಬ್ಬಸ ಇರುವವರು ರೆಡ್ ಕ್ರೇಟರಿನ ಹಬೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲದಿರುವುದು ಒಳ್ಳೆಯದು.

ಕೆರೆಗಳಿಗೆ ಆ ಬಣ್ಣ ಎಲ್ಲಿಂದ? ಈಜಬಹುದಾ?

ಎಮರಾಲ್ಡ್ ಲೇಕ್ಸ್‌ಗೆ ಮಾವೋರಿಯಲ್ಲಿ ಙಾ ರೊಟೊಪೌನಮು, ಹಸಿರುಮಣಿಯ ಬಣ್ಣದ ಕೆರೆಗಳು. ರೆಡ್ ಕ್ರೇಟರಿನ ಬಿಸಿಗೆ ಕಲ್ಲಿನಿಂದ ಕರಗಿ ಬಂದ ಖನಿಜಗಳ ಬಣ್ಣ ಅದು. ನೀರು ಹುಳಿ, ಆಮ್ಲೀಯ. ಫೋಟೊದಲ್ಲಿ ಕಂಡದ್ದಕ್ಕಿಂತ ಕೆರೆಗಳು ಚಿಕ್ಕವು, ಬಣ್ಣ ಮಾತ್ರ ಫೋಟೊಗಿಂತ ಗಾಢ.

ಈಜಬಾರದು. ಮುಂದೆ ಸಿಗುವ ಬ್ಲೂ ಲೇಕ್ ಅಂತೂ ಮಾವೋರಿಗಳಿಗೆ 'ಟಪು'. ನೀರು ಮುಟ್ಟಬಾರದು, ದಡದಲ್ಲಿ ಕೂತು ತಿನ್ನಬಾರದು. ಟಪು ಅಂದರೆ ಏನೆಂದು ಇಂಗ್ಲಿಷಿನವರಿಗೆ ಪುಟಗಟ್ಟಲೆ ವಿವರಿಸಬೇಕು. ಕೊಡಗಿನ ದೇವರಕಾಡು ನೋಡಿದವರಿಗೆ, ಮಡಿ ಗೊತ್ತಿದ್ದವರಿಗೆ ಅರ್ಧ ಆಗಲೇ ಗೊತ್ತು.

ಸಿನಿಮಾದಲ್ಲಿ ಬಂದ ಆ ಚೂಪು ಬೆಟ್ಟವನ್ನೂ ಹತ್ತಬಹುದಾ?

ಅದೇ ಙೌರುಹೊಯೆ. 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾದಿಂದ ಹೆಸರಾದಮೇಲೆ ಎಲ್ಲರಿಗೂ ಅದರ ತುದಿ ಬೇಕಾಯಿತು. ಹತ್ತಬೇಡಿ ಎಂದು ಇಲ್ಲಿಯ ಮಾವೋರಿ ಜನಾಂಗಗಳೂ ಇಲಾಖೆಯೂ ಕೇಳಿಕೊಳ್ಳುತ್ತವೆ. ಅಲ್ಲಿಗೆ ದಾರಿ ತೋರುವ ಬೋರ್ಡುಗಳನ್ನೂ ತೆಗೆದಿದ್ದಾರೆ. ಟೊಂಗಾರಿರೊ ಶಿಖರಕ್ಕೂ ಅದೇ ಮಾತು. ಈ ಶಿಖರಗಳು ಅವರ ಪೂರ್ವಜರು. ಮಾವೋರಿಗಳಲ್ಲಿ ತಲೆ ದೇಹದ ಅತಿ ಪವಿತ್ರ ಭಾಗ. ಶಿಖರದ ಮೇಲೆ ಕಾಲಿಡುವುದು ಹಿರಿಯರ ನೆತ್ತಿಯ ಮೇಲೆ ಕಾಲಿಟ್ಟಂತೆ.

ಅವರ ಕತೆ ಹೀಗಿದೆ. ಙಾಟೊರೊಇರಾಂಗಿ ಎಂಬ ಪುರೋಹಿತ ಈ ಬೆಟ್ಟ ಹತ್ತಿದ. ದಕ್ಷಿಣದ ಗಾಳಿಗೆ ಸಿಕ್ಕಿ ಸಾಯುವ ಹಾಗಾದ. ದೂರದ ಹವಾಯ್ಕಿಯಲ್ಲಿದ್ದ (ಕತೆಗಳಲ್ಲಿ ಬರುವ ಮಾವೋರಿಗಳ ಮೂಲನಾಡು) ಅಕ್ಕತಂಗಿಯರನ್ನು ಕೂಗಿ ಕರೆದ: ಕುಇವಾಯಿ, ಹೌಂಗರೋವಾ, ದಕ್ಷಿಣದ ಗಾಳಿ ನನ್ನನ್ನು ಒಯ್ಯುತ್ತಿದೆ, ಬೆಂಕಿ ಕಳಿಸಿ. ಅವರು ಕಳಿಸಿದ ಬೆಂಕಿ ನೆಲದಡಿಯಲ್ಲಿ ಹರಿದು, ಫಕಾರಿ ದ್ವೀಪದಲ್ಲಿ, ರೊಟೊರುವಾದಲ್ಲಿ ತಲೆಯೆತ್ತಿ, ಕೊನೆಗೆ ಈ ಬೆಟ್ಟದ ತುದಿಯಲ್ಲಿ ಎದ್ದಿತು. ಟೊಂಗ ಅಂದರೆ ದಕ್ಷಿಣದ ಗಾಳಿ, ರಿರೊ ಅಂದರೆ ಒಯ್ದದ್ದು. ಅಂದರೆ ಬೆಟ್ಟದ ಹೆಸರೇ ಹವಾಮಾನದ ವರದಿ! ಆ ಏಣಿನ ಮೇಲೆ ನಿಂತು ತಮ್ಮನ ನೀಲಿ ತುಟಿ ನೋಡಿದ ಮೇಲೆ ಈ ಕತೆ ನನಗೆ ಕಟ್ಟುಕತೆ ಅನ್ನಿಸಿಲ್ಲ.

1887ರಲ್ಲಿ ಙಾಟಿ ತೂಫಾರೆಟೊವಾ ಜನಾಂಗದ ಮುಖ್ಯಸ್ಥ ಹೊರೊನುಕು, ನಾಲ್ಕನೇ ತೆ ಹೆಉಹೆಉ ತೂಕಿನೊ, ಮೂರು ಶಿಖರಗಳನ್ನು ಹರಿದು ಹಂಚಿ ಮಾರಿಹೋಗದಂತೆ ರಾಣಿಯ ಸರ್ಕಾರಕ್ಕೆ ಕೊಟ್ಟ. ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹಾಗೆ. 1990ರಲ್ಲಿ ಪ್ರಕೃತಿಗಾಗಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1993ರಲ್ಲಿ ಸಂಸ್ಕೃತಿಗಾಗಿ ಇನ್ನೊಮ್ಮೆ. ಸಾಂಸ್ಕೃತಿಕ ಭೂದೃಶ್ಯ ಎಂಬ ಹೊಸ ಮಾನದಂಡದಡಿ ಸೇರಿದ ಜಗತ್ತಿನ ಮೊದಲ ಜಾಗ ಇದು. ಟೊಂಗಾರಿರೊದ ಇಳಿಜಾರಿನಲ್ಲೇ ಹುಟ್ಟುವ ವಾಂಗನುಯಿ ನದಿಗೆ 2017ರಲ್ಲಿ ಇಲ್ಲಿಯ ಸಂಸತ್ತು ಕಾನೂನು ವ್ಯಕ್ತಿಯ ಸ್ಥಾನ ಕೊಟ್ಟಿತು.

ಮಕ್ಕಳು? ಅಪ್ಪ ಅಮ್ಮ?

ಹತ್ತು ವರ್ಷದ ಮೇಲಿನ, ನಡೆದು ಅಭ್ಯಾಸ ಇರುವ ಮಕ್ಕಳು ನಡೆಯುತ್ತಾರೆ. ಬೆನ್ನಿಗೆ ಕಟ್ಟಿಕೊಂಡ ಕೂಸು ಬೇಡ. ನೀವು ನಡೆದು ಬೆವರುತ್ತೀರಿ, ಮಗು ಸುಮ್ಮನೆ ಕೂತು ತಣ್ಣಗಾಗುತ್ತದೆ. ಅಪ್ಪ ಅಮ್ಮನಿಗೆ ಮಂಡಿನೋವು ಇದ್ದರೆ ಸೋಡಾ ಸ್ಪ್ರಿಂಗ್ಸ್ ತನಕ ಕರೆದುಕೊಂಡು ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಎರಡೂವರೆ, ಮೂರು ಗಂಟೆ. ಪಾರ್ಕಿಂಗಿನ ನಾಲ್ಕು ಗಂಟೆ ಮಿತಿಯೊಳಗೇ ಆಗುತ್ತದೆ, ಙೌರುಹೊಯೆ ಇಡಿಯಾಗಿ ಕಾಣುತ್ತದೆ. ನಮ್ಮ ಮಾವನವರು ಅಲ್ಲಿಯ ಬಂಡೆಯ ಮೇಲೆ ಕೂತು ಸಂಧ್ಯಾವಂದನೆಗೆ ಜಾಗ ಚೆನ್ನಾಗಿದೆ ಎಂದರು.

ಒಬ್ಬಳೇ ಹೋಗಬಹುದಾ?

ಬೇಸಿಗೆಯ ಒಳ್ಳೆಯ ದಿನ ಧಾರಾಳವಾಗಿ ಹೋಗಿ. ಜನರ ಭಯ ಇಲ್ಲ. ಮೊಬೈಲ್ ಸಿಗ್ನಲ್ ಕೆಲವು ಕಡೆ ಬರುತ್ತದೆ, ಕಣಿವೆಗಳಲ್ಲಿ ಇಲ್ಲ. ತುರ್ತು ನಂಬರ್ 111. ತುರ್ತಿಗೆ ಉಪಗ್ರಹದ ಮೂಲಕ ಸಂಕೇತ ಕಳಿಸುವ ಲೊಕೇಟರ್ ಬೀಕನ್ ಬಾಡಿಗೆಗೆ ಸಿಗುತ್ತದೆ, ಒಬ್ಬರೇ ಹೋಗುವವರು ತೆಗೆದುಕೊಳ್ಳಿ. ಎಷ್ಟು ಗಂಟೆಗೆ ಇಳಿಯುತ್ತೀರಿ ಎಂದು ಯಾರಿಗಾದರೂ ಮೆಸೇಜ್ ಹಾಕಿ ಹೊರಡಿ. ಇಳಿದ ಮೇಲೆ "ಬಂದೆ" ಅಂತ ಹಾಕುವುದನ್ನೂ ಮರೆಯಬೇಡಿ.

ಡ್ರೋನ್? ನಾಯಿ?

ಡ್ರೋನಿಗೆ ಇಲಾಖೆಯ ಅನುಮತಿ ಬೇಕು. ನಾಯಿಗೆ ಪ್ರವೇಶವಿಲ್ಲ.

ಆ ದಿನ ರದ್ದಾಯಿತು. ಅಲ್ಲಿ ಬೇರೆ ಏನು ಮಾಡೋದು?

ಫಕಪಪದಿಂದ ತಾರಾನಾಕಿ ಜಲಪಾತದ ಸುತ್ತು ಎರಡು ಗಂಟೆ. ಲಾವಾದ ಅಂಚಿನಿಂದ ಸುಮಾರು 20 ಮೀಟರ್ ಬೀಳುವ ನೀರು, ಅರ್ಧ ದಾರಿ ಕಾಡಿನ ಮರೆ, ಗಾಳಿಗೂ ತಡೆ. ಸ್ವಲ್ಪ ಮಟ್ಟಿಗೆ ಬಿಡುವು ಕೊಟ್ಟ ದಿನ ಆದರೆ ಅಲ್ಲಿಂದಲೇ ಟಾಮಾ ಕೆರೆಗಳಿಗೆ ಹೋಗಿ ಬರಬಹುದು, ಐದಾರು ಗಂಟೆ. ನನಗಂತೂ ಟಾಮಾ ಕೆರೆಗಳೇ ಇಷ್ಟ. ಜನ ಕಡಿಮೆ.

ಮುಗಿಸಿದ ಮೇಲೆ?

ತುರಂಗಿ ಪಕ್ಕದ ಟೊಕಾನುವಿನಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಸಂಜೆ ಅಲ್ಲಿಯ ಕೊಳದಲ್ಲಿ ಕುತ್ತಿಗೆ ತನಕ ಮುಳುಗಿ ಕೂತರೆ ಮಂಡಿ ಒಂದೊಂದಾಗಿ ನಿಮ್ಮದೇ ಆಗುತ್ತವೆ. ರಾತ್ರಿ ಉಳಿಯುವ ಕೋಣೆಯನ್ನು ಮಾತ್ರ ನೆಲಮಹಡಿಯಲ್ಲಿ ಹಿಡಿಯಿರಿ. ಮಾರನೇ ಬೆಳಗ್ಗೆ ಮೆಟ್ಟಿಲು ಇಳಿಯುವಾಗ ನಮ್ಮ ಭಾವ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಹಿಂದುಮುಂದಾಗಿ ಇಳಿದು ಬಂದರು.